ಬಾತ್‌ಟಬ್ಬಿನಲ್ಲಿ ಅಂತರಗಂಗೆ

ನಾನು ಓದು ನಿಲ್ಲಿಸಿದ್ದು 1986ರಲ್ಲಿ. ಏಳನೇ ಕ್ಲಾಸ್ ಪಾಸಾದೆ, ಎಂಟಕ್ಕೆ ಹೋಗಲಿಲ್ಲ, ಅಷ್ಟೇ. ಫೇಲಾಗಿ ಬಿಟ್ಟವನಲ್ಲ. ಇದನ್ನು ಮೊದಲೇ ಹೇಳಿ ಮುಗಿಸುತ್ತೇನೆ, ಏಕೆಂದರೆ ನಾನು ಈಗ ಯಾರ ಬಗ್ಗೆ ಬರೆಯಬೇಕಾಗಿದೆಯೋ ಅವರು ಒಂಬತ್ತು ವರ್ಷ ನನ್ನನ್ನು ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ. "ಏಯ್ ಏಳನೇ ಕ್ಲಾಸ್" ಎಂದೇ ಕರೆದರು.

ಕಳೆದ ತಿಂಗಳು ಅವರು ಊರಿನಲ್ಲಿ ತೀರಿಕೊಂಡರು. ಬಹ್ರೇನಿನ ಮನಾಮಾದ ನಮ್ಮ ಕನ್ನಡ ಸಂಘದವರು ಫೋನ್ ಮಾಡಿ, "ವಾರ್ಷಿಕ ಸಂಚಿಕೆಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಿ ಮಾರಾಯ್ರೆ, ನಿಮಗೆ ಅವರು ಗುರುಗಳಲ್ವಾ" ಎಂದರು. ಗುರುಗಳು! ಬಾಯಿ ಕಹಿಯಾಯಿತು. ಬೇಡ ಎನ್ನುವವನಿದ್ದೆ. ಆಮೇಲೆ ಅನ್ನಿಸಿತು, ನಾನು ಬರೆಯದಿದ್ದರೆ ಬೇರೆ ಯಾರೋ "ಸರಳ ಸಜ್ಜನ, ಸ್ನೇಹಜೀವಿ" ಎಂದು ಬರೆದು ಹೂವಿನ ಚಿತ್ರ ಹಾಕುತ್ತಾರೆ. ಹೆಸರು ಬರೆಯುವುದಿಲ್ಲ, ಅವರ ಮನೆಯವರು ಓದಬಹುದು. ಸತ್ತವರಿಗೆ ಬಹುವಚನ ಕೊಡಬೇಕು, ಕೊಡುತ್ತೇನೆ. ಒಳ್ಳೆಯ ಮಾತು ಇದ್ದಷ್ಟು ಬರೆಯುತ್ತೇನೆ. ಇಲ್ಲದ್ದನ್ನು ಎಲ್ಲಿಂದ ತರಲಿ?

ನಮ್ಮದು ಕೊಳ, ಕಾರಂಜಿ ನೋಡಿಕೊಳ್ಳುವ ಸಣ್ಣ ಕಂಪನಿ. ಅವರು ಫೋರ್‌ಮ್ಯಾನ್. ನಾನು ಪಂಪ್ ಬಿಚ್ಚುವವನು, ಪಾಚಿ ತಿಕ್ಕುವವನು. ಬೇರೆ ಕಂಪನಿಗಳಲ್ಲಿ ಊರಿನ ಫೋರ್‌ಮ್ಯಾನನ್ನು "ಅಣ್ಣ" ಎಂದು ಕರೆಯುತ್ತಿದ್ದರು. ಇವರಿಗೆ "ಸರ್" ಆಗಬೇಕು. ಬಿ.ಎಸ್ಸಿ. ಬೋಟನಿ. ಸೊಂಟದವರೆಗಿನ ನೀರಿಗೆ ಇಳಿಯುವಾಗಲೂ ಜೇಬಿನಲ್ಲಿ ಪೆನ್ನು ಇರುತ್ತಿತ್ತು. ಅವರ ಮನೆಮಾತು ಕೊಂಕಣಿ, ನನ್ನದು ತುಳು. ಅವರಿಗೆ ತುಳು ನನ್ನಷ್ಟೇ ಚೆನ್ನಾಗಿ ಬರುತ್ತಿತ್ತು, ಆದರೆ ನನ್ನೊಡನೆ ಆಡುತ್ತಿರಲಿಲ್ಲ. ತುಳುವಿನಲ್ಲಿ ಮಾತಿಗಿಳಿದರೆ ಇಬ್ಬರೂ ಒಂದೇ ಬೆಂಚಿನವರಾಗಿಬಿಡುತ್ತೇವೆ ಎಂಬ ಹೆದರಿಕೆ ಇದ್ದಿರಬೇಕು. ನನಗೆ ಕನ್ನಡ, ಅದೂ ಆಜ್ಞೆಯ ಕನ್ನಡ.

2004ರಲ್ಲಿ ನಾನು ಬಹ್ರೇನಿಗೆ ಬಂದ ಮೊದಲ ದಿನವೇ ಅವರು ನನ್ನನ್ನು ಕಂಪನಿಯ ಶೆಡ್ಡಿನಲ್ಲಿದ್ದ ಒಂದು ನೀರಿನ ತೊಟ್ಟಿಯ ಎದುರು ನಿಲ್ಲಿಸಿದರು.

"ಇದೆಂತ, ಗೊತ್ತುಂಟಾ?"

"ಗೊತ್ತುಂಟು ಸರ್, ಅಂತರಗಂಗೆ. ನಮ್ಮ ಕಡೆ ಕೆರೆಯಿಂದ ಬುಟ್ಟಿಗಟ್ಟಲೆ ಎಳೆದು ತೆಂಗಿನ ಬುಡಕ್ಕೆ ಹಾಕ್ತೇವೆ."

"ಎಷ್ಟು ಓದಿದ್ದಿ?"

"ಏಳನೇ ಕ್ಲಾಸ್."

"ಹಾಗೆ ಹೇಳು. ಇದು ಪಿಸ್ಟಿಯಾ. ಹೇಳು ನೋಡುವಾ, ಪಿಸ್ಟಿಯಾ."

ಪಕ್ಕದಲ್ಲಿ ಕೆಲಸದವರು ನಾಲ್ಕೈದು ಜನ ನಿಂತಿದ್ದರು. ಮೂವತ್ತೊಂದು ವರ್ಷದ ಗಂಡಸು, ಇಬ್ಬರು ಮಕ್ಕಳ ತಂದೆ, ಬಾಲವಾಡಿಯ ಮಗುವಿನ ಹಾಗೆ "ಪಿಸ್ಟಿಯಾ" ಎಂದೆ. ಅವರು ಸರಿಯಾಗಲಿಲ್ಲವೆಂದು ಇನ್ನೊಮ್ಮೆ ಹೇಳಿಸಿದರು. ಅವತ್ತಿನ ಅಸಹ್ಯ ಇವತ್ತಿಗೂ ನಾಲಿಗೆಯ ಮೇಲೆ ಹಾಗೆಯೇ ಇದೆ.

ನೋಡದವರಿಗೆ ಹೇಳುತ್ತೇನೆ. ಅಂತರಗಂಗೆ ಎಂದರೆ ನೀರಿನ ಮೇಲೆ ತೇಲುವ ಗಿಡ, ಎಲೆಕೋಸಿನ ಮರಿಯಂತೆ ಇರುತ್ತದೆ. ಮೇಲೆ ಮಖಮಲ್ಲು, ಕೆಳಗೆ ಕೂದಲಿನಂಥ ಕಪ್ಪು ಬೇರು. ಊರಿನಲ್ಲಿ ಅದು ಬೇಡವೆಂದರೂ ಬರುತ್ತದೆ. ಬಹ್ರೇನಿನಲ್ಲಿ ಬೇಕೆಂದರೂ ಉಳಿಯುವುದಿಲ್ಲ. ಇಲ್ಲಿ ಬಿಸಿಲು ಮಾತ್ರ ಎಂದು ಊರಿನವರು ತಿಳಿದಿದ್ದಾರೆ. ಜನವರಿಯಲ್ಲಿ ಬಡಗಣ ಗಾಳಿ ಬೀಸಿದರೆ ಸ್ವೆಟರ್ ಹಾಕಿದವನ ಹಲ್ಲೂ ಕಟಕಟ ಎನ್ನುತ್ತದೆ. ಅಂಥ ಗಾಳಿ ಮೂರು ದಿನ ಬೀಸಿತೋ, ಅಂತರಗಂಗೆಯ ಎಲೆ ಮೊದಲು ಗಾಜಿನ ಹಾಗಾಗಿ, ಆಮೇಲೆ ಲೋಳೆಯಾಗಿ, ಮೂಗಿನ ಸಿಂಬಳದ ಹಾಗೆ ಕೈಗೆ ಅಂಟುತ್ತದೆ.

ಸತ್ತರೆ ಹೊಸದು ತರಿಸಬಹುದಿತ್ತಲ್ಲ ಎಂದು ಕೇಳಬಹುದು. ಆಗುತ್ತಿರಲಿಲ್ಲ. ಆ ಗಿಡ ಬುದೈಯಾ ಕಡೆಯ ಒಬ್ಬ ಮುದುಕಿ ಮೇಡಂನದು. ಅವಳ ಗಂಡ ಬದುಕಿದ್ದಾಗ ಅಂಗಳದಲ್ಲಿ ಕೊಳ ಕಟ್ಟಿಸಿ, ತನ್ನ ಕೈಯಿಂದಲೇ ಬಿಟ್ಟ ಗಿಡ. ಅವಳಿಗೆ ಅದರ ಸಂತಾನವೇ ಬೇಕು, ಬೇರೆಯದು ತಂದರೆ ಎಸೆಯುತ್ತಾಳೆ. ನಮ್ಮ ಕಂಪನಿಯ ಅರ್ಬಾಬ್, ಅಂದರೆ ಧಣಿ, ಅವಳ ತಮ್ಮ. ಆದ್ದರಿಂದ ಆ ಕೊಳದ ಗಿಡ ಸತ್ತರೆ ಯಾರದೋ ಒಬ್ಬರ ಕೆಲಸ ಹೋಯಿತೆಂದೇ ಲೆಕ್ಕ. ಪ್ರತಿ ಡಿಸೆಂಬರಿನಲ್ಲಿ ಗಿಡಗಳನ್ನು ಒಳಗೆ ತಂದು, ಮಾರ್ಚ್‌ವರೆಗೆ ಕಾಪಾಡಿ, ತಿರುಗಿ ಕೊಳಕ್ಕೆ ಬಿಡುವ ಜವಾಬ್ದಾರಿ ಸರ್‌ದು.

ತಗಡಿನ ಶೆಡ್ಡಿನಲ್ಲಿ ಚಳಿ. ಸರ್ ಅವುಗಳನ್ನು ತಂದು ಹಾಕುತ್ತಿದ್ದದ್ದು ಎಲ್ಲಿಗೆ? ನಾವು ಸ್ನಾನ ಮಾಡುವ ಜಾಗಕ್ಕೆ.

ಸೆಗಯಾದ ಹಳೆಯ ಕಟ್ಟಡದ ಎರಡನೇ ಮಾಳಿಗೆಯಲ್ಲಿ ನಾವು ಆರು ಜನ ಒಂದು ಫ್ಲ್ಯಾಟ್. ಆರು ಜನಕ್ಕೆ ಒಂದು ಬಾತ್‌ರೂಮ್, ಅದರಲ್ಲಿ ಯಾವ ಕಾಲದ್ದೋ ಹಳದಿಗಟ್ಟಿದ ಬಾತ್‌ಟಬ್. ಡಿಸೆಂಬರ್ ಬಂತೆಂದರೆ ಟಬ್ಬಿನ ತುಂಬ ಅಂತರಗಂಗೆ, ಮೇಲೆ ಪರದೆಯ ಸರಳಿಗೆ ಹಗ್ಗದಲ್ಲಿ ಕಟ್ಟಿದ ಎರಡು ಟ್ಯೂಬ್‌ಲೈಟ್. ಆರು ಗಂಡಸರು ಕಮೋಡಿನ ಪಕ್ಕದ ಒಂದೂವರೆ ಅಡಿ ಜಾಗದಲ್ಲಿ ಬಕೆಟ್ ಇಟ್ಟು ಮೀಯಬೇಕು. ಸೋಪಿನ ನೊರೆ ಟಬ್ಬಿಗೆ ಹಾರಬಾರದು. ಕಣ್ಣಿಗೆ ಸೋಪು ಹೋಗಿ ತಡಕಾಡಿದರೆ ಕೈಗೆ ಸಿಗುವುದು ಒದ್ದೆ ಕೂದಲಿನಂಥ ಬೇರು. ನಾನು ಚರಂಡಿಗೆ ಕೈ ಹಾಕಿ ದುಡಿದವನು, ಸುಲಭಕ್ಕೆ ಹೇಸುವವನಲ್ಲ. ಆದರೆ ದುಡಿದು ಬಂದು ಮೈ ತೊಳೆಯುವ ಜಾಗವೂ ಕೆರೆಯ ವಾಸನೆ ಹೊಡೆದರೆ ಎಲ್ಲಿಗೆ ಹೋಗಿ ಮೀಯುವುದು?

ಫ್ಲ್ಯಾಟಿನ ಹಿರಿಯ ಡ್ರೈವರ್ ಹಮೀದ್ ಕಾಕ. ಅವರು ನಮಾಜಿಗೆ ಮೊದಲು ವುಜೂ ಮಾಡಲು, ಅಂದರೆ ಕೈಕಾಲು ಮುಖ ತೊಳೆಯಲು ಹೋದವರು, ಪ್ರತಿ ಸಲ ಹೊರಗೆ ಬಂದು ಒಂದು ಮಾತು ಹೇಳದೆ ಬಿಡುತ್ತಿರಲಿಲ್ಲ. "ಸರ್, ನಿಮ್ಮ ತೋಟದಲ್ಲಿ ಇವತ್ತು ಕಪ್ಪೆಯೊಂದು ಕಡಿಮೆ ಉಂಟು. ಮಂಗಳೂರಿಂದ ತರಿಸುವಾ?"

"ನಿಮಗೆ ಅರ್ಥ ಆಗುವ ವಿಷಯ ಅಲ್ಲ ಕಾಕ, ಇದು ಸೈನ್ಸ್."

"ಹೌದಾ? ನನ್ನ ಕಾಲಿಗೆ ಕಚ್ಚಿದ ಸೊಳ್ಳೆಯೂ ಸೈನ್ಸ್ ಓದಿದ್ದಾ?"

ಸೊಳ್ಳೆಮರಿ ಟಬ್ಬಿನಲ್ಲಿ ಬುಳುಬುಳು ಆಡುತ್ತಿದ್ದದ್ದು ನಿಜ. ಸರ್ ಅವನ್ನು ಸೋಸಿ ತೆಗೆಯುತ್ತಿದ್ದರು. ಯಾವುದರಲ್ಲಿ ಎಂದು ನಮಗೆ ಎರಡು ವಾರ ಗೊತ್ತಾಗಲಿಲ್ಲ. ಒಂದು ಬೆಳಿಗ್ಗೆ ನಾನು ಹಲ್ಲುಜ್ಜಲು ಹೋದಾಗ ಕಂಡೆ: ನಮ್ಮ ಚಹಾದ ಜಾಲರಿ. ಸೋಸಿ, ಕಮೋಡಿಗೆ ಕೊಡವಿ, ನಲ್ಲಿಯಲ್ಲಿ ಒಂದು ಸಲ ತೊಳೆದು, ಅಡುಗೆಮನೆಯ ಮೊಳೆಗೆ ನೇತುಹಾಕಿದರು. ಹಿಂದೆಯೇ ಬಂದು, "ಏಳನೇ ಕ್ಲಾಸ್, ಚಾ ಆಯ್ತಾ?" ಎಂದರು. ನಾನು ಜಾಲರಿಯನ್ನು ಕಿಟಕಿಯಿಂದ ಕೆಳಗೆ ಎಸೆದೆ. ಅವತ್ತಿನಿಂದ ಇವತ್ತಿನವರೆಗೆ ನಾನು ಚಹಾ ಮುಟ್ಟಿಲ್ಲ, ಕುಡಿಯುವುದು ಹಾಲು ಹಾಕದ ಸುಲೈಮಾನಿ ಚಹಾವೂ ಅಲ್ಲ, ಬಿಸಿನೀರು.

ಈಗ ಒಳ್ಳೆಯ ಮಾತು. ಅವರ ಕೈ ಬಂಗಾರದ್ದು. ಬಾಯಿ ಎಷ್ಟು ಕೊಳಕೋ ಕೈ ಅಷ್ಟು ಶುದ್ಧ. ಉಗುರಿನ ತುಂಬ ಹಸಿರು ಲೋಳೆ ಇದ್ದರೂ ಹೇಳುತ್ತೇನೆ, ಶುದ್ಧ. ನಲ್ಲಿಯ ನೀರನ್ನು ನೇರವಾಗಿ ಬಿಡುತ್ತಿರಲಿಲ್ಲ. ಅಂಗಡಿಯ ಸಿಹಿನೀರಿನ ಜೊತೆ ಬೆರೆಸಿ, ಬಕೆಟಿನಲ್ಲಿ ಒಂದು ದಿನ ಇಟ್ಟು, ಆಮೇಲೆ ಮೊಣಕೈ ಅದ್ದಿ ನೋಡುತ್ತಿದ್ದರು, ಬಾಣಂತಿಕೋಣೆಯಲ್ಲಿ ಮಗುವಿನ ನೀರು ನೋಡುವ ಹೆಂಗಸರ ಹಾಗೆ. ಹಳದಿ ಎಲೆಯನ್ನು ದಿನಾ ಚಿವುಟಬೇಕು, ಒಂದು ಕೊಳೆತರೆ ಹತ್ತು ಕೊಳೆಯುತ್ತದೆ. ಎಲೆಯ ನಡುವಿನ ಬಟ್ಟಲಿಗೆ ನೀರು ಬೀಳಬಾರದು. ಎಲ್ಲವನ್ನೂ ಒಂದೇ ನೀರಿನಲ್ಲಿ ಇಡಬಾರದು. ಇದೆಲ್ಲ ಅವರು ನನಗೆ ಕಲಿಸಿದ್ದಲ್ಲ, ಕಲಿಸುವಷ್ಟು ನನ್ನನ್ನು ಎಣಿಸಿರಲಿಲ್ಲ. ಬಕೆಟ್ ಹಿಡಿದು ನಿಂತವನು ನೋಡಿ ಕಲಿತದ್ದು.

ಕೊನೆಯ ನಿಯಮವನ್ನು ಅವರು ಬಾಯಲ್ಲಿ ಹೇಳಿದರೇ ಹೊರತು ಪಾಲಿಸಲಿಲ್ಲ. ಎಲ್ಲ ಗಿಡವೂ ಒಂದೇ ಟಬ್ಬಿನಲ್ಲಿ. 2007ರ ಡಿಸೆಂಬರಿನಲ್ಲಿ ಹೆಬ್ಬೆರಳಿನ ಉಗುರಿನಷ್ಟೇ ದೊಡ್ಡ ನಾಲ್ಕು ಮರಿಗಳನ್ನು "ಇದು ಉಳಿಯುದಿಲ್ಲ, ಬಿಸಾಡು" ಎಂದು ನನ್ನ ಕೈಗೆ ಹಾಕಿದರು. ನಾನು ಬಿಸಾಡಲಿಲ್ಲ. ಏಳನೇ ಕ್ಲಾಸಿನವನ ಕೈಯಲ್ಲಿ ಉಳಿಯುತ್ತದೋ ಇಲ್ಲವೋ ನೋಡುವಾ ಎಂಬ ಹಠದಿಂದ ಖಾಲಿ ಐಸ್‌ಕ್ರೀಮ್ ಡಬ್ಬಿಗೆ ನೀರು ಹಾಕಿ, ಅಡುಗೆಮನೆಯ ಫ್ರಿಜ್ಜಿನ ತಲೆಯ ಮೇಲೆ, ಹಿಂದಿನ ಮೂಲೆಯಲ್ಲಿ ಇಟ್ಟೆ. ಅಲ್ಲಿ ಯಾವಾಗಲೂ ಬೆಚ್ಚಗೆ, ಮೇಲೆ ಟ್ಯೂಬ್‌ಲೈಟ್.

ಇನ್ನು ಆ ಶುಕ್ರವಾರದ ವಿಷಯ. ಅದಕ್ಕೆ ಮೊದಲು ಗಲ್ಫಿನ ನಲ್ಲಿಯ ಬಗ್ಗೆ ಹೇಳಬೇಕು. ಇಲ್ಲಿ ಬೇಸಿಗೆಯಲ್ಲಿ ತಾರಸಿಯ ಟ್ಯಾಂಕಿನ ನೀರು ಕುದಿಯುತ್ತದೆ, ನೀಲಿ ನಲ್ಲಿ ತಿರುಗಿಸಿದರೆ ಚರ್ಮ ಸುಲಿಯುತ್ತದೆ. ಆದ್ದರಿಂದ ಗೀಸರಿನ ಸ್ವಿಚ್ಚು ಆರಿಸಿಡುತ್ತೇವೆ. ಬಾತ್‌ರೂಮಿನ ಒಳಗಿರುವ ಗೀಸರಿನಲ್ಲಿ ನಿಂತ ನೀರು ತಣ್ಣಗಾಗಿರುತ್ತದೆ, ಅದು ಬರುವುದು ಕೆಂಪು ನಲ್ಲಿಯಲ್ಲಿ. ಏಳೆಂಟು ತಿಂಗಳು ಎಲ್ಲರ ಕೈಯೂ ತಣ್ಣೀರಿಗೆ ಕೆಂಪು ನಲ್ಲಿಗೇ ಹೋಗುತ್ತದೆ. ಚಳಿಗಾಲದಲ್ಲಿ ಗೀಸರ್ ಹಾಕಿದ ದಿನ ಎಲ್ಲ ತಿರುವುಮುರುವು. ತಲೆಗೆ ಗೊತ್ತಿರುತ್ತದೆ, ಕೈಗೆ ಗೊತ್ತಿರುವುದಿಲ್ಲ. ಯಾವ ಫ್ಲ್ಯಾಟಿಗೆ ಹೋಗಿ ಕೇಳಿ, ಆ ವಾರ ಒಬ್ಬನಾದರೂ ಬೊಬ್ಬೆ ಹಾಕಿರುತ್ತಾನೆ. ಅದಕ್ಕೇ ನಮ್ಮಲ್ಲಿ ಗೀಸರ್ ಹಾಕಿದ ಕೂಡಲೇ ಹಮೀದ್ ಕಾಕ ತಮ್ಮ ಹಳೆಯ ಲುಂಗಿಯ ಒಂದು ತುಂಡು ಹರಿದು ಕೆಂಪು ನಲ್ಲಿಗೆ ಕಟ್ಟುತ್ತಿದ್ದರು. ಬಟ್ಟೆ ಕೈಗೆ ಸಿಕ್ಕಿದರೆ ನೆನಪಾಗಲಿ ಎಂದು.

2008ರ ಜನವರಿಯಲ್ಲಿ ಚಳಿ ಒಮ್ಮೆಲೇ ಬಂತು. ಗುರುವಾರ ಗೀಸರ್ ಹಾಕಿದೆವು. ಕಾಕ ಬಟ್ಟೆ ಕಟ್ಟಿದರು. ಶುಕ್ರವಾರ ರಜೆ. ಬೆಳಿಗ್ಗೆ ಮೇಡಂ ಮನೆಯಿಂದ ಫೋನ್ ಬಂತು, ಪಂಪ್ ಕಸ ಕಟ್ಟಿಕೊಂಡು ನಿಂತಿದೆ ಎಂದು. ಸರ್ ಹೊದಿಕೆಯೊಳಗಿಂದಲೇ, "ಏಯ್ ಏಳನೇ ಕ್ಲಾಸ್, ನೀನು ಹೋಗಿ ಬಾ" ಎಂದರು. ಹೋದೆ. ಮಧ್ಯಾಹ್ನದವರೆಗೆ ಕೊಳದ ಪಕ್ಕದ ಗುಂಡಿಯಲ್ಲಿ ಮಲಗಿ ಪಂಪ್ ಬಿಚ್ಚಿದೆ. ಮೇಡಂ ತಟ್ಟೆ ತುಂಬ ಅನ್ನ, ಕೋಳಿ ಕಳಿಸಿದಳು. ತಿಂದು, ಮುಗಿಸಿ, ಸಂಜೆಯ ಹೊತ್ತಿಗೆ ಸೆಗಯಾಕ್ಕೆ ಬಂದೆ.

ಬಾಗಿಲಲ್ಲೇ ವಾಸನೆ ಹೊಡೆಯಿತು, ಹರಿವೆ ಸೊಪ್ಪು ಬೇಯಿಸಿದ ಹಾಗೆ. ಹಮೀದ್ ಕಾಕ ಮೆಟ್ಟಿಲ ಬಳಿ ನಿಂತಿದ್ದರು. "ಬಾ ಬಾ. ಇವತ್ತು ನಿಮ್ಮ ಸರ್ ಪಲ್ಯ ಮಾಡಿದ್ದಾರೆ."

ಟಬ್ಬಿನಲ್ಲಿ ನಾಲ್ಕು ಬೆರಳು ನೀರು. ಅದರ ಮೇಲೆ ಅರವತ್ತಕ್ಕೂ ಹೆಚ್ಚು ಗಿಡ, ಎಲ್ಲ ಕಂದುಹಸಿರು ಮುದ್ದೆ. ಮುಟ್ಟಿದರೆ ಎಲೆ ಬೇರಿನಿಂದ ಕಳಚಿ ಬೆರಳಿಗೆ ಮೆತ್ತಿಕೊಳ್ಳುತ್ತಿತ್ತು. ಕೆಂಪು ನಲ್ಲಿಗೆ ಕಟ್ಟಿದ ಬಟ್ಟೆ ಅಲ್ಲಿರಲಿಲ್ಲ. ಕಾಕನ ಲುಂಗಿ ತುಂಡು ಟಬ್ಬಿನ ಅಂಚಿನಲ್ಲಿ, ಪಾಚಿ ಒರೆಸಿದ ಹಸಿರಿನೊಡನೆ ಬಿದ್ದಿತ್ತು. ಓದದವನಿಗೂ ಓದಲು ಬರುವಂತಿತ್ತು. ಸರ್ ಪಾಚಿ ತೆಗೆಯಲು ನೀರು ಇಳಿಸಿದ್ದಾರೆ, ಒರೆಸಲು ಕೈಗೆ ಸಿಕ್ಕಿದ ಆ ಬಟ್ಟೆಯನ್ನೇ ಬಿಚ್ಚಿದ್ದಾರೆ, ರಜೆಯ ಸೋಮಾರಿತನಕ್ಕೆ ಬಕೆಟ್ ಬಿಟ್ಟು, ತಣ್ಣೀರೆಂದುಕೊಂಡು ಕೆಂಪು ನಲ್ಲಿ ತಿರುಗಿಸಿದ್ದಾರೆ, ಊರಿನಿಂದ ಫೋನ್ ಬಂದು ಹೊರಗೆ ಹೋಗಿದ್ದಾರೆ, ತಿರುಗಿ ಬಂದು ನಲ್ಲಿ ನಿಲ್ಲಿಸುವಷ್ಟರಲ್ಲಿ ಎಲ್ಲ ಬೆಂದಿದೆ. ಉಳಿದವರೆಲ್ಲ ಜುಮ್ಮಾ ನಮಾಜಿಗೂ ಪೇಟೆಗೂ ಹೋದ ಹೊತ್ತು.

"ಯಾರು ಮಾಡಿದ್ದೋ ಗೊತ್ತಿಲ್ಲ" ಎಂದರು ಸರ್. ನಾನು ಆ ಬಟ್ಟೆಯನ್ನು ನೋಡಿದೆ. ಅವರೂ ನೋಡಿದರು. ಎತ್ತಿ ಕಸದ ಬುಟ್ಟಿಗೆ ಹಾಕಿದರು.

ಭಾನುವಾರ ಮೇಡಂಗೆ ಹೇಳಬೇಕಾಯಿತು. ಅರ್ಬಾಬ್ ಕೂಡ ಅಲ್ಲಿದ್ದ. ನಾನು ಖಾಲಿ ತೊಟ್ಟಿ ಹಿಡಿದು ಹಿಂದೆ ನಿಂತಿದ್ದೆ. ಸರ್ ಅರಬಿಯಲ್ಲಿ ಮಾತಾಡಿದರು. ಅವರ ಅರಬಿ ನನಗೆ ಅರ್ಥವಾಗುತ್ತಿರಲಿಲ್ಲ, ಅವರ ಕೈ ಅರ್ಥವಾಯಿತು. ನಲ್ಲಿ ತಿರುಗಿಸಿದ ಹಾಗೆ ಮಾಡಿ ತೋರಿಸಿತು, ಆಮೇಲೆ ಹಿಂದಕ್ಕೆ ಚಾಚಿ ನನ್ನ ಎದೆಯ ನೇರಕ್ಕೆ ನಿಂತಿತು. ಅರ್ಬಾಬ್ ನನ್ನನ್ನು ನೋಡಿ ಒಂದೇ ಮಾತು ಹೇಳಿದ, "ಕ್ಯಾನ್ಸಲ್." ಆ ಶಬ್ದಕ್ಕೆ ಗಲ್ಫಿನಲ್ಲಿ ಎಲ್ಲ ಭಾಷೆಯಲ್ಲೂ ಒಂದೇ ಅರ್ಥ: ವೀಸಾ ಮುಗಿಯಿತು, ಪೆಟ್ಟಿಗೆ ಕಟ್ಟು. ನನ್ನ ವೀಸಾ ಹೊಸದಾಗಬೇಕಾದದ್ದು ಮುಂದಿನ ತಿಂಗಳು. ನನ್ನ ದೊಡ್ಡ ಮಗಳು ಜೂನಿನಲ್ಲಿ ಎಂಟನೇ ಕ್ಲಾಸಿಗೆ ಹೋಗಬೇಕಿತ್ತು, ನಮ್ಮ ಮನೆಯಲ್ಲಿ ಯಾರೂ ಕಾಲಿಡದ ಕ್ಲಾಸು.  

ಮೇಡಂ ಅರಬಿಯಲ್ಲಿ ಏನೋ ಕೇಳಿದಳು. ಸರ್ ಹೇಳಿದ ಉತ್ತರದಲ್ಲಿ "ಜುಮ್ಮಾ" ಎಂಬುದು ಕೇಳಿಸಿತು. ಅವಳು ನನ್ನ ಕಡೆ ತಿರುಗಿ, ನನಗೆ ತಿಳಿಯಲಿ ಎಂದೇ ಇರಬೇಕು, ತನಗೆ ಬರುವ ಹಿಂದಿಯಲ್ಲಿ ಹೇಳಿದಳು.

"ಜುಮ್ಮಾ ದಿನ್ ಯೆ ಇದರ್ ಥಾ. ಮೇರಾ ಪಂಪ್ ಕೆ ನೀಚೆ. ಮೈ ಖಾನಾ ದಿಯಾ."

ಶುಕ್ರವಾರ ಇವನು ಇಲ್ಲೇ ನನ್ನ ಪಂಪಿನ ಕೆಳಗೆ ಇದ್ದ, ಊಟ ಕೊಟ್ಟವಳೇ ನಾನು, ಎಂದು. ಸರ್‌ಗೆ ಅದು ನೆನಪೇ ಇರಲಿಲ್ಲ. ಕಳಿಸಿದವರು ಅವರೇ! ಒಬ್ಬ ಮನುಷ್ಯನನ್ನು ರಜೆಯ ದಿನ ಕೆಲಸಕ್ಕೆ ಅಟ್ಟಿ, ಅವನನ್ನು ಎಲ್ಲಿಗೆ ಕಳಿಸಿದೆ ಎಂಬುದನ್ನೂ ಮರೆತು, ಅವನ ತಲೆಯ ಮೇಲೆ ಹೊರಿಸುವಷ್ಟು ಅವರಿಗೆ ನಾನು ಕಾಣುತ್ತಲೇ ಇರಲಿಲ್ಲ. ಸುಳ್ಳು ಹೇಳಿದ್ದಕ್ಕಿಂತ ಅದು ನನಗೆ ಹೆಚ್ಚು ಹೇಸಿಗೆಯಾಯಿತು. ಅವರು ಜೇಬಿನಿಂದ ಪೆನ್ನು ತೆಗೆದು ಟಿಕ್ ಟಿಕ್ ಮಾಡತೊಡಗಿದರು. ಅರ್ಬಾಬ್ ಜೋರಾಗಿ ನಕ್ಕ. ಒಂದು ನಿಮಿಷದ ಹಿಂದೆ ನನ್ನನ್ನು ಅಳಿಸಿಹಾಕಿದ್ದವನಿಗೆ ಈಗ ಅದು ತಮಾಷೆ. ಅವನ ನಗೆಯೂ ನನಗೆ ಅಸಹ್ಯವೇ.

ಮೇಡಂ ಮಾತ್ರ ನಗಲಿಲ್ಲ. ಖಾಲಿ ಕೊಳ ನೋಡುತ್ತ ಕೂತಳು. ನಾನು ಹೇಳಿದೆ, "ಮೇಡಂ, ಚಾರ್ ಹೈ." ನಾಲ್ಕು ಇವೆ.

ಸರ್ ಥಟ್ಟನೆ ತಿರುಗಿದರು. "ಎಲ್ಲಿ?"

ನಾನು ಮೇಡಂ ಕಡೆಗೇ ತಿರುಗಿ, "ಫ್ರಿಜ್ ಕೆ ಊಪರ್" ಎಂದೆ.

ವಾಪಸು ಬರುವಾಗ ಪಿಕಪ್ಪಿನಲ್ಲಿ ನಾವಿಬ್ಬರೇ. ಸೀಫ್‌ನ ಮಾಲುಗಳು ದಾಟಿದೆವು. ಆಮೇಲೆ ಸರ್, ನಾಲ್ಕು ವರ್ಷದಲ್ಲಿ ಮೊದಲ ಸಲ, ನನ್ನೊಡನೆ ತುಳುವಿನಲ್ಲಿ ಮಾತಾಡಿದರು. ತಪ್ಪಾಯಿತು ಎನ್ನಲಿಲ್ಲ. "ನೋಡು, ನೀನು ಏಳನೇ ಕ್ಲಾಸ್. ನೀನು ತಪ್ಪು ಮಾಡಿದ್ದಿ ಅಂದ್ರೆ ಯಾರಿಗೂ ಆಶ್ಚರ್ಯ ಆಗುದಿಲ್ಲ. ನಾನು ಮಾಡಿದ್ದೇನೆ ಅಂದ್ರೆ? ಬೋಟನಿ ಓದಿದವ?" ಎಂದರು. ನಾನು ಅರ್ಥ ಮಾಡಿಕೊಳ್ಳಬೇಕು ಎಂಬ ಧ್ವನಿ.

ನಾನು ಕನ್ನಡದಲ್ಲೇ ಉತ್ತರ ಕೊಟ್ಟೆ. "ನನ್ನ ಮಗಳು ಜೂನಿನಲ್ಲಿ ಎಂಟನೇ ಕ್ಲಾಸಿಗೆ ಹೋಗ್ತಾಳೆ ಸರ್."



ಫ್ಲ್ಯಾಟಿಗೆ ಬಂದವರೇ ಸರ್ ಫ್ರಿಜ್ಜಿನ ಮೇಲಿನ ಡಬ್ಬಿ ಹುಡುಕಿ ಇಳಿಸಿದರು. ಶರಟಿನ ತೋಳು ಮೇಲೆ ಮಾಡಿ ಮೊಣಕೈಯ ತುದಿ ಅದ್ದಿದರು. "ನೀರು ಸ್ವಲ್ಪ ತಣ್ಣಗಾಯ್ತು" ಎಂದರು. ನನಗೆ ಡಬ್ಬಿಯನ್ನು ಕಿತ್ತುಕೊಳ್ಳಬೇಕು ಅನ್ನಿಸಿತು. ಆದರೆ ನಾನೂ ಬೆರಳದ್ದಿ ನೋಡಿದೆ. ಹೌದು, ತಣ್ಣಗಾಗಿತ್ತು. ಬೆಚ್ಚಗಿನ ನೀರು ಬೆರೆಸಿದೆ. ಹಾಗೆ ಮಾಡದಿದ್ದರೆ ಆ ವಾರದ ಚಳಿಗೆ ನಾಲ್ಕೂ ಹೋಗುತ್ತಿದ್ದವು. ಇದು ಅವರ ಬಗ್ಗೆ ನಾನು ಬರೆಯಬಲ್ಲ ಇನ್ನೊಂದು ಒಳ್ಳೆಯ ಮಾತು. ಮೂರನೆಯದನ್ನು ಹುಡುಕಿದೆ, ಸಿಗಲಿಲ್ಲ.

ಆ ನಾಲ್ಕೂ ಮರಿ ಹಾಕುತ್ತ ಹಾಕುತ್ತ ಏಪ್ರಿಲಿನಲ್ಲಿ ಕೊಳದ ಅರ್ಧ ಮುಚ್ಚಿದವು. ನನ್ನ ವೀಸಾ ಹೊಸದಾಯಿತು, ಗಿಡದ ಸಂತಾನ ಉಳಿದದ್ದರಿಂದ ಸರ್ ಕೆಲಸವೂ ಉಳಿಯಿತು. ಮುಂದಿನ ಡಿಸೆಂಬರಿನಿಂದ ಗಿಡಗಳ ಜವಾಬ್ದಾರಿ ನನಗೆ ಎಂದು ಮೇಡಂ ಹೇಳಿಕಳಿಸಿದಳು. ನಾನು ಹಾಕಿದ ಷರತ್ತು ಒಂದೇ: ಮನುಷ್ಯರು ಮೀಯುವ ಜಾಗದಲ್ಲಿ ಇಡುವುದಿಲ್ಲ. ಅವಳ ಮನೆಯ ಹಿಂದಿನ ಕೋಣೆಯೊಂದು ಸಿಕ್ಕಿತು.

ಸರ್ 2013ರಲ್ಲಿ ನಿವೃತ್ತಿ ತೆಗೆದುಕೊಂಡು ಊರಿಗೆ ಹೋದರು. ವಿಮಾನ ನಿಲ್ದಾಣಕ್ಕೆ ಪೆಟ್ಟಿಗೆ ಹೊತ್ತವನು ನಾನೇ, ಬೇರೆ ಯಾರೂ ಬಂದಿರಲಿಲ್ಲ. ಒಳಗೆ ಹೋಗುವ ಮೊದಲು ತಿರುಗಿ, "ಬರ್ತೇನೆ ಏಳನೇ ಕ್ಲಾಸ್, ಎಲೆ ಚಿವುಟುದು ಮರೀಬೇಡ" ಎಂದರು. ನನ್ನ ಹೆಸರು ಅವರಿಗೆ ಗೊತ್ತಿತ್ತೋ ಇಲ್ಲವೋ, ಈಗ ಕೇಳುವ ಹಾಗಿಲ್ಲ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಮೂರು ತೊಟ್ಟಿ, ಆರು ಟ್ಯೂಬ್‌ಲೈಟ್, ಒಂದು ಥರ್ಮಾಮೀಟರ್. ತೊಟ್ಟಿಗಳಲ್ಲಿ ನಿನ್ನೆ ಎಣಿಸಿದಾಗ ಎಂಬತ್ತೇಳು ಅಂತರಗಂಗೆ, ಬೇರೆ ಡಬ್ಬಿಯಲ್ಲಿ ನಾಲ್ಕು. ಕೈಕೆಳಗೆ ಇಬ್ಬರು ಕೆಲಸದವರು, ಇಬ್ಬರಿಗೂ ಹೆಸರಿದೆ. ಬಿ.ಎಡ್. ಮುಗಿಸಿದ ಮಗಳು ಒಬ್ಬಳು, ಪಿ.ಯು.ಸಿ. ಮುಗಿಸಿದ ಮಗ ಒಬ್ಬ. ಓದು, ಏಳನೇ ಕ್ಲಾಸು.